ಎಂಬತ್ತೇಳನೆಯ ಪ್ಯಾರಾ

ಮೊದಲ ಕರಡು ಮೂವತ್ತೊಂದು ಪುಟ.
ಕಾಯ್ದೆ ಹುಟ್ಟಿದ ವರ್ಷದಿಂದ ಶುರು,
ತಿದ್ದುಪಡಿ, ತಿದ್ದುಪಡಿಗೊಂದು ತಿದ್ದುಪಡಿ,
ಸದರಿ, ಮೇಲ್ಕಾಣಿಸಿದ, ಅದಾಗ್ಯೂ.
ಸೇಂಟ್ ಜಾನ್ಸ್‌ನ ಬಂದರನ್ನು ಮಂಜು ನುಂಗಿದ್ದ ಆ ವಾರ
ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ;
ಬರೆದದ್ದೇ ಭಾರೀ ಕಂಡಿತ್ತು ನನಗೆ.

ಲೊರೆಟಾ ಕೀಲಿ ನಮ್ಮ ಬೆರಳಚ್ಚುಗಾರ್ತಿ,
ನಲವತ್ತು ವರ್ಷ ಬೇರೆಯವರ ವಾಕ್ಯ ಹೊಡೆದೂ ಹೊಡೆದೂ
ಗೆಣ್ಣು ಸೊಟ್ಟಗಾದವಳು.
ಕಟ್ಟನ್ನು ಅಂಗೈಯಲ್ಲಿ ತೂಗಿ,
ಮೀನು ತೂಗುವವಳ ಹಾಗೆ, ಕೇಳಿದಳು:
"ಆ ಹೆಂಗಸು ಎಲ್ಲಿದ್ದಾಳೆ ಇದರಲ್ಲಿ?"

ಹುಡುಕಿದೆ.
ಪುಟ ಇಪ್ಪತ್ತೆರಡು, ಪ್ಯಾರಾ ಎಂಬತ್ತೇಳು,
ಎರಡು ಅರ್ಧವಿರಾಮಗಳ ಸಂದಿಯಲ್ಲಿ ಸಿಕ್ಕಿಕೊಂಡು
ಅರ್ಸುಲಾ ಡ್ವಾಯರ್,
ಹದಿನೆಂಟು ವರ್ಷ ಏಡಿ ಬೇಯುವ ಹಬೆಯಲ್ಲಿ ನಿಂತು
ಉಸಿರು ಕಳಕೊಂಡವಳು.

"ತಳಪಾಯ ಮೊದಲು," ಅಂದೆ, "ಆಮೇಲೆ ತಾನೇ ಮನೆ?"
"ಕಟ್ಟುವವನಿಗೆ ತಳಪಾಯ," ಅಂದಳು ಲೊರೆಟಾ,
"ಬರುವವನಿಗೆ ಬಾಗಿಲು."
ಮತ್ತೆ ಚಹಾಕ್ಕೆ ನೀರಿಟ್ಟಳು.
ಸಿಟ್ಟು ಬಂತು. ಕಾನೂನು ಓದಿದವನು ನಾನು.

ನಾಲ್ಕು ರಾತ್ರಿ ಕತ್ತರಿಸಿದೆ.
ನನ್ನ ಜಾಣತನವೆಲ್ಲ ಕಸದ ಬುಟ್ಟಿಯಲ್ಲಿ
ಮುದುಡಿ ಮಲಗಿದ್ದನ್ನು ನೋಡಿ
ಒಂದೆರಡು ಪುಟ ವಾಪಸು ಎತ್ತಿ ಇಸ್ತ್ರಿ ಮಾಡಿದಂತೆ ನೀವಿದೆ.
(ಇದನ್ನು ಲೊರೆಟಾಳಿಗೆ ಹೇಳಿಲ್ಲ.)
ಪ್ಯಾರಾ ಎಂಬತ್ತೇಳು ಒಂದಾಯಿತು.
ಕಾಯ್ದೆಯ ವಂಶಾವಳಿ ಹಿತ್ತಿಲಿಗೆ ಹೋಯಿತು.
ಹನ್ನೆರಡೇ ಪುಟ. ಆದರೂ ಮೊದಲ ವಾಕ್ಯದಲ್ಲಿ
ತೊಂಬತ್ತನಾಲ್ಕು ಪದ. ಎಣಿಸಿದ್ದು ಲೊರೆಟಾ.

ಗುರುವಾರ ಅರ್ಸುಲಾ ಬಂದಳು, ದಕ್ಷಿಣ ದಂಡೆಯಿಂದ,
ಅಳಿಯನ ಟ್ರಕ್ಕಿನಲ್ಲಿ.
ನಮ್ಮ ಮೆಟ್ಟಿಲು ಇಪ್ಪತ್ಮೂರು, ಅವಳು ನಿಂತದ್ದು ಮೂರು ಕಡೆ.
"ಓದಿ ನೋಡು, ಗಟ್ಟಿಯಾಗಿ," ಅಂದಳು ಲೊರೆಟಾ.
ಅರ್ಸುಲಾ ಓದಿದಳು.
ಹಬೆ ಅನ್ನುವಲ್ಲಿ ತಡೆದಳು.
ರಾತ್ರಿ ಅನ್ನುವಲ್ಲಿ ಎದೆ ಸಿಳ್ಳೆ ಹಾಕಿತು.
ವೈದ್ಯರ ಹೆಸರು ಬರುವ ಮೊದಲೇ
ಚೀಲದಲ್ಲಿ ಇನ್‌ಹೇಲರ್ ತಡಕಾಡಿದಳು.
ಲೊರೆಟಾ ಪೆನ್ಸಿಲು ಹಿಡಿದು ಕೂತಿದ್ದಳು,
ಅವಳು ನಿಂತಲ್ಲೆಲ್ಲ ಒಂದೊಂದು ಚುಕ್ಕೆ.

ಮೂರನೆಯ ಚುಕ್ಕೆ ವ್ಯಾಕರಣಕ್ಕೆ ಒಗ್ಗುವುದಿಲ್ಲ.
"ಕ್ರಿಯಾಪದವೇ ಇಲ್ಲ," ಅಂದೆ.
"ಅವಳ ಹತ್ತಿರವೂ ಇರಲಿಲ್ಲ ಆಗ," ಅಂದಳು.
ಹಾಗೇ ಬಿಟ್ಟೆವು.

ಮಂಡಳಿಯ ಉತ್ತರ ಬಂದದ್ದು
ಹಿಮ ಕರಗಿ, ಗಟಾರ ಹರಿದು,
ಏಡಿಯ ದೋಣಿಗಳು ಮತ್ತೆ ಹೊರಟ ಮೇಲೆ.
ಹನ್ನೊಂದು ಪುಟ.
ಕಾಯ್ದೆ ಹುಟ್ಟಿದ ವರ್ಷದಿಂದ ಶುರು.
ಫೋನಿನಲ್ಲಿ ಅರ್ಸುಲಾ. ನಾನು ಓದತೊಡಗಿದೆ,
ಸದರಿ ಮೇಲ್ಮನವಿದಾರಳು, ಅದಾಗ್ಯೂ, ಮೇಲ್ಕಾಣಿಸಿದ...
"ಮಗಾ," ಅಂದಳು, "ಅದನ್ನು ಮೊದಲು ಹೇಳು."

ಪುಟ ಮಗುಚಿ, ಮಗುಚಿ, ಕೊನೆಯ ಸಾಲಿಗೆ ಹೋದೆ.
ಅಲ್ಲಿತ್ತು, ಸಹಿಯ ಎರಡು ಬೆರಳು ಮೇಲೆ.

"ಒಪ್ಪಿದ್ದಾರೆ."

ಆಚೆ ಕಡೆ ಏನೂ ಇಲ್ಲ. ಎಲ್ಲೋ ಕಡಲಹಕ್ಕಿ.
ಆಮೇಲೆ, "ಇಷ್ಟಕ್ಕೆ ಹನ್ನೊಂದು ಪುಟವೇ?"
ಎಂದು ನಕ್ಕಳು, ನಗೆ ಕೆಮ್ಮಾಯಿತು,
ಕೆಮ್ಮು ತನ್ನ ಚುಕ್ಕೆಗೆ ತಾನು ಬರುವವರೆಗೆ
ರಿಸೀವರ್ ಹಿಡಿದು ಕಾದೆ,
ಏನನ್ನೂ ಸೇರಿಸದೆ.